ಕಪಾಟಿನ ಹಿಂದಿನ ಗೋಡೆ ಚಂಡಿ ಆಗ್ತದಾ? ಇನ್ಸುಲೇಶನ್ ಶೀಟ್ ತರುವ ಮೊದಲು ಮಾಡುವ ಕೆಲಸಗಳು

ಮಳೆಗಾಲ ಹಿಡಿದು ಒಂದು ತಿಂಗಳಾದ್ರೆ ಸಾಕು, ನಮ್ಮ ಕಾಸರಗೋಡು ಕಡೆ ಮನೆ ಮನೆಯಲ್ಲೂ ಇದೇ ಮಾತು. ಗೋಡೆಗೆ ಸೇರಿಸಿ ಮಾಡಿದ ಕಪಾಟಿನ ಬಾಗಿಲು ತೆಗೆದ್ರೆ ಗಮ್ಮಂತ ಬೂಷ್ಟು ವಾಸನೆ, ಪಟ್ಟೆ (ರೇಷ್ಮೆ) ಸೀರೆಯ ಮಡಿಕೆಯಲ್ಲಿ ಬಿಳಿ ಬಿಳಿ ಚುಕ್ಕಿ, ಜಾಗದ ಆಧಾರದ (ಆಸ್ತಿಪತ್ರದ) ಕಾಗದ ಮೆತ್ತಗೆ, ಹಿಂದಿನ ಗೋಡೆ ಮುಟ್ಟಿದ್ರೆ ಕೈ ಚಂಡಿ, ಅಂದ್ರೆ ಒದ್ದೆ. ಆಮೇಲೆ ಯಾರಾದ್ರೂ ಒಬ್ರು ಯೂಟ್ಯೂಬ್ ನೋಡಿ ಹೇಳ್ತಾರೆ, ಗೋಡೆಗೆ ಇನ್ಸುಲೇಶನ್ ಶೀಟ್ (ಬಿಸಿ ತಣ್ಣು ದಾಟದ ಹಾಗೆ ತಡೆಯುವ ಫೋಮ್) ಅಂಟಿಸಿ, ಎಲ್ಲ ಸರಿ ಆಗ್ತದೆ ಅಂತ. ಶೀಟ್ ಹಾಕ್ಲಿಕ್ಕೆ ಆಗ್ತದೆ, ಇಲ್ಲ ಅಂತಲ್ಲ, ಆದ್ರೆ ಅದು ಕೊನೆಗೆ ಮಾಡುವ ಕೆಲಸ, ಎಷ್ಟೋ ಮನೆಗೆ ಅದು ಬೇಕಂತಲೇ ಇಲ್ಲ. ಚಂಡಿ ಗೋಡೆಗೆ ಮೊದಲೇ ಶೀಟ್ ಅಂಟಿಸಿದ್ರೆ ನೀರು ಎಲ್ಲಿಗೂ ಹೋಗುದಿಲ್ಲ, ಕಣ್ಣಿಗೆ ಕಾಣುದಿಲ್ಲ ಅಷ್ಟೇ.

ಆ ವಿಡಿಯೋಗಳಲ್ಲಿ ಹೆಚ್ಚಿನವು ಇಂಗ್ಲೆಂಡ್, ಕೆನಡಾ ಆ ಕಡೆಯವು. ಅಲ್ಲಿ ಹೊರಗೆ ಚಳಿ, ಒಳಗೆ ಹೀಟರ್, ಒಳಗಿನ ಬೆಚ್ಚಗಿನ ಗಾಳಿಯಲ್ಲಿರುವ ತೇವ ತಣ್ಣಗಿನ ಹೊರಗೋಡೆಗೆ ತಾಗಿ ನೀರಾಗ್ತದೆ, ಹಾಗಾಗಿ ಅವರು ಗೋಡೆಯ ಒಳಬದಿಗೆ ಫೋಮ್ ಹಾಕಿ ಅದರ ಮೇಲೆ ರೂಮಿನ ಬದಿಗೆ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಹಾಳೆ ಹೊದಿಸ್ತಾರೆ. ಅವರ ಊರಿಗೆ ಅದು ಸರಿ. ನಮ್ಮಲ್ಲಿ ಲೆಕ್ಕ ಉಲ್ಟಾ, ಜೂನ್ ಜುಲೈಯಲ್ಲಿ ತೇವ ಇರುದೇ ಹೊರಗೆ, ಅದು ಗೋಡೆ ದಾಟಿ ಒಳಗೆ ಬರ್ಲಿಕ್ಕೆ ನೋಡ್ತದೆ, ಒಳಬದಿಗೆ ಪ್ಲಾಸ್ಟಿಕ್ ಹೊದಿಸಿದ್ರೆ ಸೀದಾ ಅದರ ಹಿಂದೆ ಬಂದು ನಿಲ್ತದೆ. ರೆಕ್ಸಿನ್ ನಮೂನೆಯ ವಿನೈಲ್ ವಾಲ್‌ಪೇಪರ್ ಅಂಟಿಸಿದ ರೂಮಿನಲ್ಲಿ ಒಂದು ಮೂಲೆ ಕಿತ್ತು ನೋಡಿ, ಹಿಂದೆ ಕಪ್ಪು ಬೂಷ್ಟು ಎಷ್ಟುಂಟು ಅಂತ ಗೊತ್ತಾಗ್ತದೆ.

ಇನ್ನು ನಮ್ಮ ಗೋಡೆ ಎಂತದ್ದು ಅಂತ ನೋಡುವಾ. ಕಾಸರಗೋಡು ಜಿಲ್ಲೆಗೆ ವರ್ಷಕ್ಕೆ ಹೆಚ್ಚುಕಮ್ಮಿ 3500 ಮಿ.ಮೀ. ಮಳೆ, ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗೀತದೆ. ಗೋಡೆ ಮುರಕಲ್ಲಿನದ್ದು, ಅಂದ್ರೆ ಕೆಂಪು ಜಂಬಿಟ್ಟಿಗೆ ಕಲ್ಲು (ಲ್ಯಾಟರೈಟ್). ಈ ಕಲ್ಲು ನೆಲದೊಳಗೆ ಇರುವಾಗ ಮೆತ್ತಗೆ, ಕಡಿದು ಗಾಳಿಗಿಟ್ರೆ ಗಟ್ಟಿ ಆಗ್ತದೆ, ಆದ್ರೆ ಒಳಗಿನ ತೂತುಗಳು ಎಲ್ಲಿಗೂ ಹೋಗುದಿಲ್ಲ. ಮುರಕಲ್ಲಿಗೆ ಅಂತಲೇ ಇರುವ ಭಾರತೀಯ ಮಾನದಂಡ ಐಎಸ್ 3620 ಪ್ರಕಾರ ಕಲ್ಲು ತನ್ನ ತೂಕದ ನೂರಕ್ಕೆ 12ರಷ್ಟು ನೀರು ಕುಡಿದ್ರೂ ಪಾಸ್. ಅಂದ್ರೆ ಒಳ್ಳೆ ಕಲ್ಲೇ ಅಷ್ಟು ಕುಡೀತದೆ, ಸಂತೆಯಲ್ಲಿ ಸಿಗುವ ಪೊಳ್ಳು ಕಲ್ಲಿನ ಕಥೆ ಬಿಡಿ. ಬೇಕಲ ಕೋಟೆ ಕೂಡ ಇದೇ ಕಲ್ಲಿಂದು, ಕೆಳದಿಯ ಶಿವಪ್ಪ ನಾಯಕ 1650ರ ಸುಮಾರಿಗೆ ಕಟ್ಟಿಸಿದ್ದು ಅಂತ ಹೇಳ್ತಾರೆ, ಅಷ್ಟು ವರ್ಷದಿಂದ ಕಡಲಿನ ಬದಿಯಲ್ಲಿ ಮಳೆ ಗಾಳಿಗೆ ನಿಂತುಂಟು. ಅಲ್ಲಿ ಯಾರೂ ಗೋಡೆಗೆ ಕಪಾಟು ಹೊಡೆದು ಬಾಗಿಲು ಮುಚ್ಚಿಡ್ಲಿಲ್ಲ ನೋಡಿ. ಕಲ್ಲು ಚಂಡಿ ಆಗ್ತದೆ, ಬಿಸಿಲು ಬಂದಾಗ ಒಣಗ್ತದೆ, ಅದು ಅದರ ಗುಣ, ತೊಂದರೆ ಶುರು ಆಗುದು ಒಣಗ್ಲಿಕ್ಕೆ ನಾವು ಬಿಡದೆ ಇರುವಾಗ.

ಕಪಾಟಿನ ಹಿಂದೆಯೇ ಯಾಕೆ ಜಾಸ್ತಿ ಅಂದ್ರೆ, ಹಳೆ ಮನೆಗಳಲ್ಲಿ ಗೋಡೆಯ ಒಳಗೆ ಗೂಡು ಬಿಟ್ಟು ಕಪಾಟು ಮಾಡಿರ್ತಾರೆ, ಉಳಿದ ಗೋಡೆ ಒಂದು ಕಲ್ಲಿನ ದಪ್ಪ ಇದ್ರೂ ಗೂಡಿನ ಹಿಂದೆ ಇರುದು ನಾಲ್ಕೈದು ಇಂಚು ಮಾತ್ರ, ಹೊರಗಿನ ಮಳೆಗೂ ನಿಮ್ಮ ಬಟ್ಟೆಗೂ ಮಧ್ಯೆ ಅಷ್ಟೇ ಅಂತರ. ಹೊಸ ಮನೆಗಳಲ್ಲಿ ಫೆರೋಸಿಮೆಂಟ್ ಸ್ಲ್ಯಾಬ್ (ಒಳಗೆ ತಂತಿ ಜಾಲರಿ ಇರುವ ತೆಳು ಸಿಮೆಂಟ್ ಹಲಗೆ) ನಿಲ್ಲಿಸಿ ಮುಂದೆ ಅಲ್ಯೂಮಿನಿಯಂ ಅಥವಾ ಮರದ ಬಾಗಿಲು ಇಟ್ರೆ ಮುಗೀತು, ಹಿಂಬದಿಗೆ ಬೇರೆ ಹಲಗೆಯೇ ಇಲ್ಲ, ಹೊರಗೋಡೆಯೇ ಹಿಂಬದಿ. ಇಲ್ಲದಿದ್ರೆ ಆಚಾರಿ 6 ಎಂಎಂ ಪ್ಲೈವುಡ್ ತಂದು ಗೋಡೆಗೆ ಒತ್ತಿ ಮೊಳೆ ಹೊಡೆದಿರ್ತಾರೆ, ಅದಂತೂ ಒರಲೆಗೆ (ಗೆದ್ದಲಿಗೆ) ಹಬ್ಬದೂಟ. ಮೂರರಲ್ಲೂ ಗಾಳಿ ಆಡುದಿಲ್ಲ, ಬೆಳಕಿಲ್ಲ.

ಹಾಗಾದ್ರೆ ಎಲ್ಲಿಂದ ಶುರು ಮಾಡುದು? ನೀರು ಎಲ್ಲಿಂದ ಬರ್ತದೆ ಅಂತ ಹಿಡಿಯುದು. ಇದಕ್ಕೆ ಮಳೆಗಾಲವೇ ಬೇಕು, ಬೇಸಗೆಯಲ್ಲಿ ನೋಡಿದ್ರೆ ಗೊತ್ತಾಗುದಿಲ್ಲ. ಕಪಾಟು ಪೂರ್ತಿ ಖಾಲಿ ಮಾಡಿ, ಹಿಂಬದಿಗೆ ಪ್ಲೈ ಇದ್ರೆ ಕಿತ್ತು ತೆಗೀರಿ, ಅರ್ಧ ಕಿತ್ತು ಟಾರ್ಚ್ ಹಾಕಿ ನೋಡಿದ್ರೆ ಸಾಕಾಗುದಿಲ್ಲ. ಮೂಗಿಗೆ ಒಂದು ಎನ್95 ಮಾಸ್ಕ್ ಇರ್ಲಿ, ಮನೆಯಲ್ಲಿ ದಮ್ಮಿನವರು ಸಣ್ಣ ಮಕ್ಕಳು ಇದ್ರೆ ಆ ದಿನ ಬೇರೆ ರೂಮಿನಲ್ಲಿ ಇರ್ಲಿ. ಬೆರಳಲ್ಲಿ ತಟ್ಟಿ ಶಬ್ದ ಕೇಳಿ, ಪೊಳ್ಳು ಶಬ್ದ ಬಂದ ಕಡೆ ಸಾರಣೆ (ಪ್ಲಾಸ್ಟರ್) ಕಲ್ಲನ್ನು ಬಿಟ್ಟಿದೆ ಅಂತ ಅರ್ಥ, ಅಲ್ಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿಡಿ.

ಆಮೇಲೆ ಕಲೆ ಎಲ್ಲಿ ಉಂಟು ಅಂತ ನೋಡಿ. ನೆಲದಿಂದ ಮೂರಡಿಯ ತನಕ ಮಾತ್ರ ಒದ್ದೆ, ಮೇಲಿನ ಅಂಚಿನಲ್ಲಿ ಬಿಳಿ ಉಪ್ಪಿನ ಹೊಡಿ ಗೆರೆ ಎಳೆದ ಹಾಗೆ ಇದ್ರೆ ನೀರು ಪಂಚಾಂಗದಿಂದ (ಅಡಿಪಾಯದಿಂದ) ಮೇಲೆ ಏರ್ತಾ ಉಂಟು. ಮೇಲೆ ಮಧ್ಯ ಅಲ್ಲಲ್ಲಿ ತೇಪೆ ತೇಪೆ, ಜೋರು ಗಾಳಿಮಳೆ ಬಂದ ಮರುದಿನ ದೊಡ್ಡದಾಗ್ತದೆ, ನಾಲ್ಕು ದಿನ ಬಿಸಿಲು ಬಂದ್ರೆ ಚಿಕ್ಕದಾಗ್ತದೆ ಅಂದ್ರೆ ಹೊರಗಿನ ಮಳೆ ಗೋಡೆ ದಾಟಿ ಬರುದು, ನಮ್ಮಲ್ಲಿ ಹೆಚ್ಚಿನವು ಇದೇ, ಅದರಲ್ಲೂ ಪಡುವಣ ತೆಂಕಣ ಗೋಡೆಗಳು, ಮಳೆ ಹೊಡೆಯುದೇ ಆ ಬದಿಯಿಂದ. ಏಪ್ರಿಲ್ ಮೇ ಸೆಕೆಯಲ್ಲೂ ಒಣಗದೆ ಇದ್ರೆ ಪೈಪ್ ನೋಡಿ, ಗೋಡೆಯ ಆಚೆ ಬದಿ ಬಚ್ಚಲು ಇದ್ರೆ ಮತ್ತೆ ಕೇಳುವ ಅಗತ್ಯವೇ ಇಲ್ಲ. ನಾಲ್ಕನೇದು, ಉಪ್ಪಿಲ್ಲ ತೇಪೆ ಇಲ್ಲ, ಗೋಡೆ ಇಡೀ ತೆಳ್ಳಗೆ ಪಸೆ, ಮೂಲೆಗಳಲ್ಲಿ ಕಪ್ಪು ಚುಕ್ಕಿ. ಇದು ಗಾಳಿಯ ತೇವ ತಣ್ಣಗಿನ ಗೋಡೆಗೆ ಕೂತು ನೀರಾದದ್ದು, ಇನ್ಸುಲೇಶನ್‌ಗೆ ನಿಜವಾಗಿ ಕೆಲಸ ಇರುದು ಇದೊಂದರಲ್ಲೇ.

ಸಂಶಯ ಇದ್ರೆ ಒಂದು ಸುಲಭದ ಪರೀಕ್ಷೆ ಉಂಟು. ಗೋಡೆಯ ಮೈ ಬೈರಾಸಲ್ಲಿ ಒರಸಿ ಫ್ಯಾನ್ ಗಾಳಿಗೆ ಒಣಗಿಸಿ, ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಬದಿ ಟೇಪ್ ಹೊಡೆದು ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ, ಗೋಡೆಯ ಬದಿಗೆ ಕೂತಿದ್ರೆ ನೀರು ಗೋಡೆಯೊಳಗಿಂದ ಬರುದು. ಹಾಳೆಯ ಮುಂದೆ ನಿಮ್ಮ ಬದಿಗೆ ಕೂತಿದ್ರೆ ರೂಮಿನ ಗಾಳಿಯದ್ದು. ಎರಡೂ ಬದಿ ಇದ್ರೆ ಎರಡೂ ಕಾರಣ ಉಂಟು, ಅದೂ ಅಪರೂಪ ಅಲ್ಲ. ಆನ್‌ಲೈನಲ್ಲಿ ಸಿಗುವ ಎರಡು ಸೂಜಿಯ ತೇವ ಮೀಟರ್ ತಂದವರು ಅದರ ನಂಬರ್ ನೋಡಿ ಹೆದರ್ಬೇಡಿ, ಅದು ಮರಕ್ಕೆ ಮಾಡಿದ್ದು, ಗೋಡೆಯಲ್ಲಿ ಉಪ್ಪು ಇದ್ರೆ ಸುಮ್ನೆ ಜಾಸ್ತಿ ತೋರಿಸ್ತದೆ. ಒಣಗಿದ ಗೋಡೆಗೂ ಒದ್ದೆ ಗೋಡೆಗೂ ಹೋಲಿಸ್ಲಿಕ್ಕೆ ಮಾತ್ರ ಆದೀತು.

ಹೊರಗಿನ ಕೆಲಸ

ಸರಿ ಹೇಳ್ಬೇಕಂದ್ರೆ ಮುಕ್ಕಾಲು ಪಾಲು ಖರ್ಚು ಮತ್ತು ಬೆವರು ಇಲ್ಲಿಗೇ ಹಾಕ್ಬೇಕು, ಆದ್ರೆ ಎಲ್ರಿಗೂ ಒಳಗಿನ ಪೇಂಟ್ ಮಾಡುದ್ರಲ್ಲೇ ಆಸಕ್ತಿ. ಮೊದಲು ಮಾಡಿನ ನೀರು ಎಲ್ಲಿ ಬೀಳ್ತದೆ ಅಂತ ಮಳೆ ಬರುವಾಗ ಕೊಡೆ ಹಿಡ್ಕೊಂಡು ಹೊರಗೆ ನಿಂತು ನೋಡಿ. ಹಂಚಿನ ಮಾಡಾದ್ರೆ ಇಳಿಜಾರಿನ ತುದಿ ಗೋಡೆಯಿಂದ ಎರಡೂವರೆ ಮೂರಡಿ ಆದ್ರೂ ಹೊರಗೆ ಚಾಚಿರ್ಬೇಕು, ಹಿಂದಿನವರು ಹಾಗೇ ಮಾಡ್ತಿದ್ರು. ಈಗಿನ ತಾರಸಿ ಮನೆಗಳಿಗೆ ಬೋಳು ಗೋಡೆ, ಕಿಟಕಿಯ ಮೇಲೆ ಒಂದೂವರೆ ಅಡಿ ಸನ್‌ಶೇಡ್, ಅದರ ಬುಡ ಗೋಡೆಗೆ ಸೇರುವಲ್ಲಿ ಬಿರುಕು, ಅಲ್ಲಿ ನೀರು ನಿಂತು ಸೀದಾ ಒಳಗೆ. ಸನ್‌ಶೇಡಿನ ಅಡಿಬದಿ ಅಂಚಿಗೆ ನೀರು ತುಂಡಾಗಿ ಬೀಳುವ ಹಾಗೆ ಒಂದು ಕಾಲುವೆ ಗೆರೆ ಇಲ್ಲದಿದ್ರೆ ನೀರು ಅಡಿಯಿಂದ ಹರಿದು ಗೋಡೆಗೆ ಬರ್ತದೆ, ಮೇಸ್ತ್ರಿಗೆ ಹೇಳಿ ಮಾಡಿಸಿ, ಅರ್ಧ ದಿನದ ಕೆಲಸ.

ಅಂಗಳದ ಮಟ್ಟ ನೋಡಿ. ಇಂಟರ್‌ಲಾಕ್ ಹಾಕುವ ಹುಚ್ಚಿನಲ್ಲಿ ಎಷ್ಟೋ ಜನ ಅಂಗಳವನ್ನು ಎತ್ತರ ಮಾಡಿ ಪಂಚಾಂಗ ಮುಚ್ಚಿಬಿಟ್ಟಿದ್ದಾರೆ, ಹೊರಗಿನ ನೆಲ ಒಳಗಿನ ನೆಲಕ್ಕಿಂತ ಕಡಿಮೆ ಅಂದ್ರೂ ಅರ್ಧ ಅಡಿ ಕೆಳಗೆ ಇರ್ಬೇಕು, ಇಳಿಜಾರು ಗೋಡೆಯಿಂದ ಆಚೆಗೆ ಇರ್ಬೇಕು. ಮನೆಯ ಹಿಂದೆ ಬರೆ (ಗುಡ್ಡ ಕಡಿದ ನೆಟ್ಟಗಿನ ಮಣ್ಣಿನ ಗೋಡೆ) ಇದ್ರೆ, ಪೆರ್ಲ ಪೈವಳಿಕೆ ಮುಳ್ಳೇರಿಯ ಆ ಗುಡ್ಡದ ಜಾಗಗಳಲ್ಲಿ ಇರುದೇ ಹಾಗೆ, ಬರೆಯ ಬುಡಕ್ಕೂ ಗೋಡೆಗೂ ಮಧ್ಯೆ ಚರಂಡಿ ಬೇಕೇ ಬೇಕು, ಅದರಲ್ಲಿ ಬಿದ್ದ ತರಗೆಲೆಯನ್ನು ಮಳೆಗೆ ಮೊದಲು ತೆಗೀಲೇಬೇಕು. ನೆಲದಿಂದ ಏರುವ ನೀರಿಗೆ ತೂತು ಕೊರೆದು ಔಷಧಿ ಇಂಜೆಕ್ಷನ್ ಕೊಡ್ತೇವೆ ಅಂತ ಬರ್ತಾರೆ, ಇಟ್ಟಿಗೆ ಗೋಡೆಗೆ ಅದು ಸರಿ ಇರ್ಬಹುದು, ಮುರಕಲ್ಲಿನ ತೂತುಗಳೊಳಗೆ ಔಷಧಿ ಎತ್ತಲೋ ಹೋಗ್ತದೆ, ಅದಕ್ಕೆ ದುಡ್ಡು ಹಾಕುವ ಮೊದಲು ಅಂಗಳ ತಗ್ಗಿಸಿ ಒಂದು ಮಳೆಗಾಲ ನೋಡಿ ಅಂತ ನನ್ನ ಅಭಿಪ್ರಾಯ.

ಸಾರಣೆ ಇಲ್ಲದೆ ಕಲ್ಲು ಕಾಣುವ ಹಾಗೆ ಬಿಟ್ಟ ಗೋಡೆ ಆದ್ರೆ ಸಂದುಗಳಲ್ಲಿ ಹೊಡಿ ಆದ ಗಾರೆಯನ್ನು ಮುಕ್ಕಾಲು ಇಂಚಾದ್ರೂ ಕೆತ್ತಿ ತೆಗೆದು ಹೊಸತು ತುಂಬಿಸ್ಬೇಕು, ಸಿಮೆಂಟ್ ಒಂದು ಸುಣ್ಣ ಒಂದು ಹೊಯ್ಗೆ (ಮರಳು) ಆರು ಪಾಲು ಸಾಕು, ಬರೀ ಸಿಮೆಂಟ್ ಕಲ್ಲಿಗಿಂತ ಗಟ್ಟಿ ಆಗಿ ಅಂಚಿನಲ್ಲಿ ಬಿರುಕು ಬಿಡ್ತದೆ. ಕಡಲ ಹೊಯ್ಗೆ ಕಡಿಮೆಗೆ ಸಿಕ್ತದೆ ಅಂತ ಹಾಕ್ಬೇಡಿ, ಅದರ ಉಪ್ಪು ಗಾಳಿಯಲ್ಲಿರುವ ತೇವವನ್ನೇ ಎಳೀತದೆ, ಮಳೆ ಇಲ್ಲದಿದ್ರೂ ಗೋಡೆ ಚಂಡಿ. ಆಮೇಲೆ ಕಲ್ಲಿಗೆ ಸಿಲೇನ್ ಸಿಲೋಕ್ಸೇನ್ ಅಂತ ಬರುವ ನೀರು ತಡೆಯುವ ದ್ರವ ಹೊಡೀಬಹುದು, ಅದು ಪೊರೆ ಕಟ್ಟುದಿಲ್ಲ, ಹೊರಗಿನ ನೀರು ಒಳಗೆ ಬಿಡುದಿಲ್ಲ ಒಳಗಿನ ಆವಿಯನ್ನು ಹೊರಗೆ ಬಿಡ್ತದೆ. ಚೆಂದಕ್ಕೆ ಅಂತ ಪಳಪಳ ಹೊಳೆಯುವ ವಾರ್ನಿಷ್ ಹೊಡೆಸುವವರೇ ಜಾಸ್ತಿ, ಅದು ಎರಡು ಮಳೆಗಾಲದಲ್ಲಿ ಹೊಪ್ಪಳೆ ಏಳ್ತದೆ. ಯಾವುದೇ ಆಗ್ಲಿ ಕಲ್ಲು ಚೆನ್ನಾಗಿ ಒಣಗಿದ ಮೇಲೆ, ಫೆಬ್ರವರಿ ಮಾರ್ಚಲ್ಲಿ ಹೊಡೀಬೇಕು.

ಎಲ್ಲಕ್ಕಿಂತ ಕಡಿಮೆ ಖರ್ಚಿಂದು ನಮ್ಮ ಅಜ್ಜಂದಿರು ಮಾಡ್ತಿದ್ದದ್ದೇ, ಮಳೆಗೆ ಮೊದಲು ಪಡುವಣ ಬದಿಗೆ ತೆಂಗಿನ ಮಡಲು ಅಥವಾ ಅಡಿಕೆ ಸೋಗೆಯ ತಟ್ಟಿ ಕಟ್ಟುದು. ಗೋಡೆಗೂ ತಟ್ಟಿಗೂ ಮಧ್ಯೆ ಒಂದಡಿ ಗಾಳಿ ಆಡ್ತದೆ, ಮಳೆ ಗೋಡೆಗೆ ತಾಗುದೇ ಇಲ್ಲ. ಈಗ ಮಡಲು ಹೆಣೆಯುವವರು ಸಿಗುದಿಲ್ಲ, ಹಾಗಾಗಿ ಜಿಐ ಪೈಪಿಗೆ ಶೀಟ್ ಹೊಡೆಸ್ತಾರೆ, ಆದೀತು, ಗೋಡೆಗೆ ಒತ್ತಿ ಹೊಡೀದಿದ್ರೆ ಸರಿ.

ಒಳಗೆ

ಹೊರಗಿಂದ ನೀರು ಬರುದು ನಿಂತ ಮೇಲೆ ಗೋಡೆ ಒಣಗ್ಲಿಕ್ಕೆ ಸಮಯ ಕೊಡಿ. ಕಲ್ಲಿನ ಗೋಡೆ ಇಂಚಿಗೆ ಒಂದು ತಿಂಗಳ ಲೆಕ್ಕದಲ್ಲಿ ಒಣಗ್ತದೆ ಅಂತ ಕೆಲಸದವರ ಒಂದು ಅಂದಾಜುಂಟು. ನಮ್ಮ ಡಿಸೆಂಬರ್ ಜನವರಿಯ ಗಾಳಿಗೆ ಎರಡೂ ಬದಿ ಬಿಟ್ಟುಕೊಟ್ರೆ ಬೇಗ ಆಗ್ತದೆ, ಆದ್ರೂ ತುಲಾಮಳೆ (ಅಕ್ಟೋಬರ್ ನವೆಂಬರಿನ ಮಳೆ) ಮುಗಿಯುವ ಮೊದಲು ಒಳಗೆ ಕೈ ಹಾಕ್ಬೇಡಿ.

ಬೂಷ್ಟು ತೆಗೀಲಿಕ್ಕೆ ಸೋಪಿನ ನೀರು ಗಟ್ಟಿ ಬ್ರಷ್ ಸಾಕು, ಉಜ್ಜಿ ಒರಸಿ ಒಣಗಿಸಿ. ಬ್ಲೀಚಿಂಗ್ ಪೌಡರ್ ಹಾಕ್ಲೇಬೇಕು ಅಂತಿದ್ರೆ ಕಿಟಕಿ ಬಾಗಿಲು ತೆಗೆದಿಟ್ಟು ಹಾಕಿ, ಅದರೊಟ್ಟಿಗೆ ಬಚ್ಚಲು ತೊಳೆಯುವ ಆಸಿಡ್ ಮಾತ್ರ ಸೇರಿಸ್ಬೇಡಿ, ಕ್ಲೋರಿನ್ ವಿಷದ ಗಾಳಿ ಬರ್ತದೆ, ಸಣ್ಣ ರೂಮಿನಲ್ಲಿ ಜೀವಕ್ಕೇ ಬಂದೀತು. ಬಿಳಿ ಉಪ್ಪಿನ ಹೊಡಿಯನ್ನು ನೀರು ಹಾಕಿ ತೊಳೀಬಾರ್ದು, ಕರಗಿ ವಾಪಾಸ್ ಗೋಡೆಯೊಳಗೆ ಹೋಗ್ತದೆ, ಒಣ ಬ್ರಷಲ್ಲಿ ಉದುರಿಸಿ ಗುಡಿಸಿ ಹೊರಗೆ ಬಿಸಾಡಿ.

ಪೊಳ್ಳಾದ ಸಾರಣೆ ಇದ್ದ ಕಡೆ, ಮತ್ತೆ ಅದರಿಂದ ಒಂದಡಿ ಆಚೀಚೆಗೂ ಕೆತ್ತಿ ತೆಗೀರಿ. ಈಗ ಮೇಸ್ತ್ರಿ ಹೇಳ್ತಾರೆ, ವಾಟರ್‌ಪ್ರೂಫ್ ಹಾಕಿ ಸಿಮೆಂಟ್ ಗಟ್ಟಿಗೆ ಸಾರಿಸ್ತೇನೆ ಅಂತ. ಬೇಡ. ಒಳಬದಿ ಮುಚ್ಚಿದ್ರೆ ನೀರು ಇನ್ನೂ ಮೇಲೆ ಏರಿ ಕಪಾಟಿನ ಮೇಲಿನ ತಟ್ಟಿನ ಹತ್ರ ಹೊರಗೆ ಬರ್ತದೆ, ಅಥವಾ ಪಕ್ಕದ ಗೋಡೆಗೆ ಹೋಗ್ತದೆ. ಸುಣ್ಣದ ಗಾರೆ ಹಾಕಿ, ಸುಣ್ಣ ಒಂದು ಹೊಯ್ಗೆ ಮೂರು, ಆಗದಿದ್ರೆ ಮೇಲೆ ಹೇಳಿದ ಒಂದು ಒಂದು ಆರು. ಮಣ್ಣಿನ ಮಡಕೆ ಮೈಯೆಲ್ಲ ಪಸೆ ಬಿಟ್ಟು ತಾನೇ ಒಣಗ್ತದಲ್ಲ, ಸುಣ್ಣದ ಸಾರಣೆಯ ಕೆಲಸವೂ ಅದೇ ನಮೂನೆ. ಸುಣ್ಣ ನಿಧಾನಕ್ಕೆ ಗಟ್ಟಿ ಆಗುದು, ಅವಸರ ಮಾಡಿದ್ರೆ ಬಿರುಕು, ಮೊದಲ ಕೆಲವು ದಿನ ನೀರು ಚಿಮುಕಿಸ್ತಾ ಇರ್ಬೇಕು. ಅದರ ಮೇಲೆ ಪುಟ್ಟಿ ಬೇಡ, ಇನಾಮೆಲ್ ಬೇಡ, ಪ್ಲಾಸ್ಟಿಕ್ ಪೇಂಟ್ ಬೇಡ, ಬರೀ ಸುಣ್ಣ ಬಳೀರಿ. ಕಪಾಟಿನೊಳಗೆ ಯಾರು ನೋಡ್ತಾರೆ? ಸುಣ್ಣ ಕ್ಷಾರ ಆದ್ರಿಂದ ಬೂಷ್ಟಿಗೆ ಅದರ ಮೇಲೆ ಹಿಡೀಲಿಕ್ಕೂ ಕಷ್ಟ. ಚಿಪ್ಪಿನ ಸುಣ್ಣ ಸಿಕ್ಕಿದ್ರೆ ಒಳ್ಳೇದು.

ಇನ್ನು ಕಪಾಟು. ಎಸಿ ಇಲ್ಲದ ರೂಮಿಗೆ ನಾನು ಇನ್ಸುಲೇಶನ್ ಹಾಕಿ ಅಂತ ಹೇಳುದೇ ಇಲ್ಲ, ಗಾಳಿ ಬಿಡಿ ಅಂತ ಹೇಳ್ತೇನೆ. ಕಪಾಟಿನ ಹಿಂಬದಿ ಹಲಗೆ ಗೋಡೆಯಿಂದ ಎರಡು ಇಂಚು ಮುಂದಕ್ಕೆ ಬರ್ಲಿ. ಗೋಡೆಗೆ ಪಟ್ಟಿ ಹೊಡೆಯುದಾದ್ರೆ ನೆಟ್ಟಗೆ ಮೇಲಿಂದ ಕೆಳಗೆ ಹೊಡೀರಿ, ಅಡ್ಡ ಹೊಡೆದ್ರೆ ಗಾಳಿ ಮೇಲೆ ಹೋಗ್ಲಿಕ್ಕೆ ದಾರಿ ಇರುದಿಲ್ಲ, ಅದರ ಮೇಲೆ ಧೂಳು ಕೂತು ಪಸೆ ಹಿಡೀತದೆ. ಪಟ್ಟಿ ಮರದ್ದು ಬೇಡ, ಅಲ್ಯೂಮಿನಿಯಂ ಸೆಕ್ಷನ್ ಅಥವಾ ಪಿವಿಸಿ ಇರ್ಲಿ. ಕೆಳಗೆ ನೆಲದಿಂದ ನಾಲ್ಕು ಇಂಚು ತೆರೆದಿರ್ಬೇಕು, ಮೇಲೆ ಸೀಲಿಂಗ್ ಹತ್ರ ಎರಡು ಇಂಚು. ಎರಡೂ ಕಡೆ ತೆರೆದಿದ್ರೆ ಮಾತ್ರ ಗಾಳಿ ಓಡ್ತದೆ, ಒಂದೇ ಕಡೆ ತೆರೆದ್ರೆ ಅದು ಜಿರಳೆಯ ಮನೆ. ಅಂದ ಹಾಗೆ ಜಿರಳೆ ಇಲಿ ಬಾರದ ಹಾಗೆ ಆ ಸಂದಿಗೆ ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹೊಡೆಸಿ. ಬಾಗಿಲಿಗೆ ಲೂವರ್ (ಗಾಳಿ ಹೋಗುವ ಓರೆ ಪಟ್ಟಿ) ಇಡಿಸಿ ಅಥವಾ ಬಾಗಿಲಿನ ಕೆಳಗೆ ಮೇಲೆ ನಾಲ್ಕು ನಾಲ್ಕು ತೂತು. ತಟ್ಟುಗಳು ಹಿಂಬದಿ ಹಲಗೆಗೆ ತಾಗದೆ ಅರ್ಧ ಇಂಚು ಬಿಟ್ಟಿದ್ರೆ ಇನ್ನೂ ಒಳ್ಳೇದು.

ಗೂಡಿನೊಳಗಿನ ಕಪಾಟಿಗೆ ಎರಡು ಇಂಚು ಬಿಟ್ರೆ ಸೀರೆ ಇಡ್ಲಿಕ್ಕೆ ಜಾಗ ಸಾಕಾಗುದಿಲ್ಲ ಅಂತ ಮನೆಯವರು ಹೇಳ್ತಾರೆ, ನಿಜವೇ, ಅಲ್ಲಿ ಒಂದು ಇಂಚಿಗೆ ಇಳಿಸಿ, ಇಲ್ಲದಿದ್ರೆ ಮುಂದಿನ ಚೌಕಟ್ಟನ್ನು ಗೋಡೆಯಿಂದ ಎರಡು ಇಂಚು ಹೊರಗೆ ತಂದು ನಿಲ್ಲಿಸಿ.

ಹಲಗೆ ಯಾವುದು ಅಂತ ಕೇಳ್ತೀರಿ. ಎಂಡಿಎಫ್ ಪಾರ್ಟಿಕಲ್ ಬೋರ್ಡ್ ನಮ್ಮ ಊರಿಗೆ ಆಗುದೇ ಇಲ್ಲ, ಉಬ್ಬಿ ಹೋಗ್ತದೆ. ಪ್ಲೈ ಆದ್ರೆ ಐಎಸ್ 710 ಮಾರ್ಕಿನ ಮರೈನ್, ಅದೂ ಅಂಚುಗಳಿಗೆ ಸೀಲರ್ ಹೊಡೆದು. ಮಲ್ಟಿವುಡ್ ಅಂತ ಸಿಗುವ ಪಿವಿಸಿ ಬೋರ್ಡು ಕೊಳೆಯುದಿಲ್ಲ ಒರಲೆ ತಿನ್ನುದಿಲ್ಲ, ಆದ್ರೆ ಬೂಷ್ಟು ಬರುದೇ ಇಲ್ಲ ಅಂತ ಅಂಗಡಿಯವರು ಹೇಳಿದ್ರೆ ನಂಬ್ಬೇಡಿ, ಅದರ ಮೇಲೆ ಕೂತ ಧೂಳಿಗೆ ಬೂಷ್ಟು ಬಂದೇ ಬರ್ತದೆ, ಒರಸಿದ್ರೆ ಹೋಗ್ತದೆ ಅಷ್ಟೇ ಲಾಭ. ಜಾಸ್ತಿ ಭಾರದ ಪುಸ್ತಕ ಇಡುದಾದ್ರೆ ಉದ್ದಕ್ಕೆ ಮಲ್ಟಿವುಡ್ ಬಾಗ್ತದೆ, ಎರಡಡಿಗೊಂದು ಆಧಾರ ಕೊಡಿ. ಮನೆಯಲ್ಲೇ ಹಲಸಿನ ಹಲಗೆ ಇದ್ರೆ ಮತ್ತೆಂತ ಯೋಚನೆ.

ಎಸಿ ಇದ್ರೆ ಬೇರೆ ಕಥೆ

ಮಳೆಗಾಲದಲ್ಲಿ ಹೊರಗಿನ ಗಾಳಿ 28 ಡಿಗ್ರಿ, ತೇವಾಂಶ ನೂರಕ್ಕೆ 90 ಅಂತ ಇಟ್ಕೊಳ್ಳಿ, ನಮ್ಮಲ್ಲಿ ಅದು ಮಾಮೂಲು. ಆ ಗಾಳಿ 26 ಡಿಗ್ರಿಗಿಂತ ತಣ್ಣಗೆ ಇರುವ ಯಾವುದಕ್ಕೆ ತಾಗಿದ್ರೂ ನೀರು ಹನಿ ಕೂರ್ತದೆ. ಈಗ ನೀವು ಎಸಿಯನ್ನು 20ಕ್ಕೆ ಇಟ್ಟು ಮಲಗಿದ್ರೆ ಗೋಡೆ ಆ ಕಡೆಯಿಂದ ತಣ್ಣಗಾಗ್ತದೆ. ತಮಾಷೆ ಎಂತ ಅಂದ್ರೆ ಎಸಿ ರೂಮಿನೊಳಗೆ ಗಾಳಿ ಒಣ ಇರುದ್ರಿಂದ ಅಲ್ಲಿ ಹೆಚ್ಚು ತೊಂದರೆ ಕಾಣುದಿಲ್ಲ, ಗೋಡೆಯ ಆಚೆ ಬದಿ ಎಸಿ ಇಲ್ಲದ ರೂಮಿನ ಕಪಾಟು ಚಂಡಿ ಆಗ್ತದೆ, ಅವರು ಪಾಪ ಪೈಪ್ ಲೀಕ್ ಅಂತ ಪ್ಲಂಬರನ್ನು ಕರೆಸ್ತಾರೆ. ಇಂಥ ಗೋಡೆಗೆ ಇನ್ಸುಲೇಶನ್ ಬೇಕು, ಹಾಕ್ಬೇಕಾದ್ದು ಎಸಿ ರೂಮಿನ ಬದಿಗೆ. ಆಗ ತಣ್ಣು ಎಸಿ ರೂಮಿನಲ್ಲೇ ಉಳೀತದೆ, ಗೋಡೆ ಬೆಚ್ಚಗೆ ಇರ್ತದೆ, ಆಚೆ ಕಪಾಟಿಗೆ ನೀರು ಕೂರುದಿಲ್ಲ. ಹೊರಗೋಡೆಯಾದ್ರೂ ಅದೇ, ಎಸಿ ರೂಮಿನ ಒಳಬದಿಗೆ. ಅದರ ಮೊದಲು ಖರ್ಚಿಲ್ಲದ್ದು ಒಂದುಂಟು, ಎಸಿಯನ್ನು 26ಕ್ಕೆ ಇಟ್ಟು ಫ್ಯಾನ್ ಹಾಕಿ ನೋಡಿ, ಎಸಿ ಪೈಪ್ ಗೋಡೆ ದಾಟುವ ತೂತಿನ ಸುತ್ತ ಸಂದಿ ಇದ್ರೆ ಮುಚ್ಚಿ. ಎಷ್ಟೋ ಸಲ ಅಷ್ಟಕ್ಕೇ ನಿಲ್ತದೆ.

ಹಾಕುದೇ ಆದ್ರೆ ಎಕ್ಸ್‌ಪಿಎಸ್ ಬೋರ್ಡು (ಪಾಲಿಸ್ಟೈರೀನ್ ಪ್ಲಾಸ್ಟಿಕಿನ ಗಟ್ಟಿ ಫೋಮ್ ಹಲಗೆ) 25 ಎಂಎಂ ತನ್ನಿ, ಅದು ನೀರು ಕುಡಿಯುದು ಬಹಳ ಕಡಿಮೆ. ಪ್ಯಾಕಿಂಗಿನ ಬಿಳಿ ಥರ್ಮೋಕೋಲ್ ಹಗುರ, ಕಾಳುಗಳ ಮಧ್ಯೆ ನೀರು ಹೋಗ್ತದೆ. ಊರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುದು ಕಷ್ಟ, ಮಂಗಳೂರಿಂದ ತರಿಸ್ಬೇಕಾದೀತು. ಅಂಟಿಸ್ಲಿಕ್ಕೆ ಸಿಮೆಂಟಿನ ಟೈಲ್ ಗಮ್ ನಮೂನೆಯದ್ದು, ಪಾಲಿಸ್ಟೈರೀನ್‌ಗೆ ಆಗ್ತದೆ ಅಂತ ಚೀಲದಲ್ಲಿ ಬರೆದದ್ದು ನೋಡಿ ತನ್ನಿ. ಆಚಾರಿಯ ಹತ್ರ ಇರುವ ಲ್ಯಾಮಿನೇಟ್ ಅಂಟಿಸುವ ಘಾಟು ವಾಸನೆಯ ಗಮ್ ಹಚ್ಚಿದ್ರೆ ಬೋರ್ಡು ಕಣ್ಣೆದುರೇ ಕರಗಿ ಹೋಗ್ತದೆ. ಗೋಡೆ ಮಟ್ಟಸ ಇರ್ಬೇಕು, ಹಲ್ಲಿನ ಕರಣೆಯಲ್ಲಿ ಗಮ್ ಇಡೀ ಬೋರ್ಡಿಗೆ ಬಳಿದು ಒತ್ತಿ ಕೂರಿಸಿ. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಅಂಟಿಸುದು ಬೇಡವೇ ಬೇಡ, ಹಿಂದೆ ಉಳಿದ ಸಂದಿಯೊಳಗೆ ತೇವದ ಗಾಳಿ ಸುತ್ತಾಡಿ ಅಲ್ಲೇ ಬೂಷ್ಟು. ಪೂರ್ತಿ ಗಾಳಿ ಆಡುವ ಸಂದಿ ಇರ್ಬೇಕು ಇಲ್ಲದಿದ್ರೆ ಸಂದಿಯೇ ಇರ್ಬಾರ್ದು, ನಡುವಿಂದು ಕೆಟ್ಟದ್ದು. ಬೋರ್ಡು ಬೋರ್ಡಿನ ನಡುವಿನ ಗೆರೆ, ಮೇಲೆ ಕೆಳಗೆ ಆಚೀಚೆ ಅಂಚು, ಸ್ವಿಚ್ ಬಾಕ್ಸಿನ ಸುತ್ತ, ಎಲ್ಲ ಕಡೆ ಫೋಮ್ ಸೀಲರ್. ವಯರ್ ಇದ್ರೆ ಪೈಪಿನೊಳಗೆ ಹಾಕ್ಲೇಬೇಕು, ಪಿವಿಸಿ ವಯರ್ ಪಾಲಿಸ್ಟೈರೀನ್‌ಗೆ ತಾಗಿ ಇದ್ರೆ ಕೆಲವು ವರ್ಷದಲ್ಲಿ ವಯರಿನ ಮೈ ಪೆಡಸಾಗಿ ಬಿರುಕು ಬಿಡ್ತದೆ.

ನೆಲದ ಹತ್ರ ಅರ್ಧ ಅಡಿ ಬೋರ್ಡು ಹಾಕದೆ ಬಿಡಿ. ಒರಲೆ ಫೋಮ್ ತಿನ್ನುದಿಲ್ಲ, ಆದ್ರೆ ಅದರೊಳಗೆ ಸುರಂಗ ಮಾಡಿ ಮೇಲಿನ ಮರಕ್ಕೆ ಹೋಗ್ತದೆ, ಹೊರಗೆ ಮಣ್ಣಿನ ಗೆರೆ ಕಾಣದ ಕಾರಣ ಬಾಗಿಲು ಪೊಳ್ಳಾಗುವ ತನಕ ನಿಮಗೆ ಗೊತ್ತೇ ಆಗುದಿಲ್ಲ. ಆ ಅರ್ಧ ಅಡಿ ಖಾಲಿ ಇದ್ರೆ ಟಾರ್ಚ್ ಹಾಕಿ ನೋಡ್ಬಹುದು.

ಬೋರ್ಡನ್ನು ಬರೀ ಹಾಗೇ ಬಿಡ್ಬಾರ್ದು, ಬೆಂಕಿ ತಾಗಿದ್ರೆ ವಿಷದ ಹೊಗೆ. ಮೇಲಿಂದ ಸಿಮೆಂಟ್ ಫೈಬರ್ ಬೋರ್ಡು, ಅಥವಾ ಫೈಬರ್ ಜಾಲರಿ ಇಟ್ಟು ತೆಳ್ಳಗೆ ಸಾರಣೆ. ಜಿಪ್ಸಮ್ ಬೋರ್ಡು ಹಸಿರು ಬಣ್ಣದ್ದಾದ್ರೂ ಇಂಥಲ್ಲಿಗೆ ಬೇಡ. ಅದರ ಮೇಲೆ ಮೈಕಾ ಶೀಟ್, ವಿನೈಲ್, ಬೆಳ್ಳಿ ಹಾಳೆ ಅಂಟಿಸ್ಬೇಡಿ, ಏನಾದ್ರೂ ತೇವ ದಾಟಿ ಬಂದ್ರೂ ಎಸಿಯ ಒಣ ಗಾಳಿಗೆ ಹೋಗ್ಲಿಕ್ಕೆ ದಾರಿ ಬೇಕಲ್ಲ.

ಕಪಾಟಿನ ಭಾರ ಫೋಮಿನ ಮೇಲೆ ಹಾಕ್ಬೇಡಿ. ಮುರಕಲ್ಲಿಗೆ ಬೋಲ್ಟ್ ಹಿಡಿತ ಮೊದಲೇ ಕಡಿಮೆ, ಫೋಮ್ ದಾಟಿ ಹೊಡೆದ್ರೆ ಇನ್ನೂ ಕಡಿಮೆ. ಕಪಾಟಿಗೆ ಸ್ಟೀಲ್ ಅಥವಾ ಪಿವಿಸಿ ಕಾಲು ಕೊಟ್ಟು ನೆಲದ ಮೇಲೆ ನಿಲ್ಲಿಸಿ, ಮುಂದೆ ವಾಲದ ಹಾಗೆ ಮೇಲೆ ಎರಡು ಕಡೆ ಮಾತ್ರ ಉದ್ದದ ಆಂಕರ್, ಅದೂ ಸಂದಿಗೆ ಅಲ್ಲ, ಗಟ್ಟಿ ಕಲ್ಲಿನ ಮಧ್ಯಕ್ಕೆ.

ಕೆಲಸದ ಕ್ಯಾಲೆಂಡರ್ ಹೇಳ್ಬೇಕಂದ್ರೆ, ಜುಲೈ ಆಗಸ್ಟಲ್ಲಿ ನೋಡಿ ಗುರುತು ಹಾಕುದು, ಡಿಸೆಂಬರಿಂದ ಹೊರಗಿನ ಕೆಲಸ, ಫೆಬ್ರವರಿ ಮಾರ್ಚಲ್ಲಿ ಸುಣ್ಣ, ಏಪ್ರಿಲಲ್ಲಿ ಆಚಾರಿ. ಪತ್ತನಾಜೆಗೆ, ಅಂದ್ರೆ ಮೇ 24ರ ಹೊತ್ತಿಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವಾಗ ನಿಮ್ಮ ಕೆಲಸವೂ ಮುಗಿದಿರ್ಬೇಕು, ಆಮೇಲೆ ಹಾಕಿದ ಸಾರಣೆ ಒಣಗುದಿಲ್ಲ, ಕೆಲಸದವರೂ ಸಿಗುದಿಲ್ಲ.

ಅಂಗಡಿಯಲ್ಲಿ ಸಿಗುವ ತೇವ ಹೀರುವ ಡಬ್ಬಿ, ಕ್ಯಾಲ್ಸಿಯಂ ಕ್ಲೋರೈಡ್ ಇರುವಂಥದ್ದು, ಗೋಡೆ ಒಣಗಿದ ಮೇಲೆ ಮುಚ್ಚಿದ ಕಪಾಟಿಗೆ ಉಪಯೋಗ ಉಂಟು. ಗೋಡೆಯೇ ಚಂಡಿ ಇದ್ರೆ ಎರಡು ದಿನಕ್ಕೊಮ್ಮೆ ತುಂಬ್ತದೆ, ಅದರ ನೀರು ಬಟ್ಟೆಗೆ ಚೆಲ್ಲಿದ್ರೆ ಕಲೆ. ನುಸಿಗುಳಿಗೆ ಹುಳಕ್ಕೆ ಮಾತ್ರ, ಬೂಷ್ಟಿಗೆ ಅದು ಲೆಕ್ಕವೇ ಅಲ್ಲ. ಕೆಲಸ ಎಲ್ಲ ಮುಗಿದ ಮೇಲೆ ಮೊದಲ ಮಳೆಗಾಲ ಕೆಳಗಿನ ತಟ್ಟು ಖಾಲಿ ಬಿಟ್ಟು, ಜಾಗದ ಆಧಾರ ಪತ್ರ ಪಟ್ಟೆ ಸೀರೆ ಎಲ್ಲ ಮಧ್ಯದ ತಟ್ಟಿನಲ್ಲಿ ಇಡಿ, ಹಿಂದಿನ ಸಂದಿಯಲ್ಲಿ ಒಂದು ಹಳೆ ಪೇಪರಿನ ತುಂಡು ನೇತು ಹಾಕಿ, ಆಟಿ ತಿಂಗಳಲ್ಲಿ (ಜುಲೈ ಆಗಸ್ಟ್ ಹೊತ್ತಿಗೆ) ತೆಗೆದು ಮುಟ್ಟಿ ನೋಡಿ. ಪೇಪರ್ ಗರಿಗರಿ ಇದ್ರೆ ಕೆಳಗಿನ ತಟ್ಟೂ ತುಂಬಿಸ್ಬಹುದು, ಮೆತ್ತಗಾಗಿದ್ರೆ ಹೊರಗೆ ಇನ್ನೂ ಎಲ್ಲೋ ಒಂದು ಬಿರುಕು ಬಾಕಿ ಉಂಟು, ಕೊಡೆ ಹಿಡ್ಕೊಂಡು ಮತ್ತೊಂದು ಸಲ ಸುತ್ತು ಬನ್ನಿ.